ಹಲ್ಲಿಗೆ ಬೆಲೆ ಎಷ್ಟು, ಬಿಲ್ ಎಲ್ಲಿ?

ಇವತ್ತಿನ ಸಂಚಿಕೆ ತುಮಕೂರಿನ ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಿಂದ ಶುರುವಾಗುತ್ತೆ. ಅದರಲ್ಲಿ ಕರೆಂಟ್ ಬಿಲ್, ಗ್ಯಾಸ್ ಪುಸ್ತಕ, ಕೆಟ್ಟುಹೋದ ಮಿಕ್ಸಿಯ ವಾರಂಟಿ ಕಾರ್ಡು ಎಲ್ಲಾ ಇದೆ. ಕಳೆದ ವಾರ ನಾನು ಅದರಲ್ಲಿ ಹುಡುಕಿದ್ದು ಮಾತ್ರ ಸಿಗಲಿಲ್ಲ. ಅಮ್ಮನ ಹಲ್ಲು ಕಿತ್ತಿದ್ದಕ್ಕೆ ಒಂದು ಬಿಲ್.

ವಿಷಯ ಇಷ್ಟು. ಸುಮಾರು ಎರಡು ವರ್ಷದ ಹಿಂದೆ ಅಮ್ಮನಿಗೆ ಕೆಳದವಡೆಯ ಎಡಗಡೆ ವಿಸ್ಡಮ್ ಟೂತ್ ತೆಗೆಸಿದ್ವಿ. ಕ್ಲಿನಿಕ್ ಹೆಸರು ಹೇಳಲ್ಲ. ಮುಕ್ಕಾಲು ಗಂಟೆ ಎಳೆದಾಡಿ ತೆಗೆದರು. ಅವತ್ತಿನಿಂದ ಅಮ್ಮನ ಕೆಳತುಟಿಯ ಎಡಭಾಗ, ಗದ್ದದ ಎಡಭಾಗ ಮರಗಟ್ಟಿದೆ. ಊಟ ಮಾಡುವಾಗ ತುಟಿಗೆ ಅನ್ನದ ಅಗುಳು ಅಂಟಿಕೊಂಡಿದ್ರೂ ಗೊತ್ತಾಗಲ್ಲ. ಕಾಫಿ ಬಿಸಿ ಇದ್ರೆ ಸುಟ್ಟ ಮೇಲೇ ತಿಳಿಯೋದು. ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂರೋದನ್ನೇ ಬಿಟ್ಟಿದ್ದಾಳೆ. ಕ್ಲಿನಿಕ್ಕಲ್ಲಿ ಕೇಳಿದಾಗ ಸಿಕ್ಕ ಉತ್ತರ, "ಸರಿ ಹೋಗುತ್ತೆ ಅಮ್ಮಾ, ಟೈಮ್ ತಗೊಳುತ್ತೆ." ಟೈಮ್ ತಗೊಂಡಿದೆ. ಸರಿ ಹೋಗಿಲ್ಲ.

ಈಗ ಪರಿಹಾರ ಕೇಳಬೇಕಾ, ಕೇಳಿದ್ರೆ ಸಿಗುತ್ತಾ ಅಂತ ಓದೋಕೆ ಕೂತೆ. ಓದ್ತಾ ಓದ್ತಾ ನಾಲ್ಕು ಸಾವಿರ ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಬನ್ನಿ, ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ.

ಬ್ಯಾಬಿಲೋನಿನ ದೊರೆ ಹಮ್ಮುರಾಬಿ. ಕ್ರಿ.ಪೂ. 18ನೇ ಶತಮಾನದವನು. ಅವನ ಕಾನೂನು ಕೆತ್ತಿದ ಕಪ್ಪು ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಹಲ್ಲಿಗೇ ಎರಡು ಕಲಮುಗಳಿವೆ. ಸಮಾನ ದರ್ಜೆಯವನ ಹಲ್ಲು ಉದುರಿಸಿದ್ರೆ ನಿನ್ನ ಹಲ್ಲನ್ನೂ ಉದುರಿಸಬೇಕು. ಕೆಳದರ್ಜೆಯವನ ಹಲ್ಲಾದ್ರೆ ಮಿನಾದಲ್ಲಿ ಮೂರನೇ ಒಂದು ಭಾಗ, ಅಂದ್ರೆ 20 ಶೆಕೆಲ್ ಬೆಳ್ಳಿ ಕೊಟ್ಟು ಮುಗಿಸಬಹುದು. ಗಮನಿಸಿ, ಹಲ್ಲು ಒಂದೇ, ರೇಟು ಬೇರೆ. ವೈದ್ಯರಿಗೂ ಅಲ್ಲಿ ಶಿಕ್ಷೆ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ಮೇಲ್ದರ್ಜೆಯ ರೋಗಿ ಸತ್ತರೆ ವೈದ್ಯನ ಕೈ ಕತ್ತರಿಸಬೇಕು. ಸತ್ತವನ ಮನೆಯವರಿಗೆ ಆ ಕೈಯಿಂದ ಏನು ಪ್ರಯೋಜನ ಅಂತ ಕಲ್ಲು ಹೇಳಲ್ಲ.

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ದೊರೆ ಏಥೆಲ್ಬರ್ಟ್, ಕ್ರಿ.ಶ. 600ರ ಆಸುಪಾಸು, ಇನ್ನೂ ಲೆಕ್ಕಾಚಾರದ ಮನುಷ್ಯ. ಬಿ.ಕಾಂ. ಮಾಡಿದ ನನಗೆ ಇವನು ಬಹಳ ಇಷ್ಟ ಆದ. ಹಲ್ಲಿಗೆ ರೇಟ್ ಕಾರ್ಡ್ ಮಾಡಿದ್ದಾನೆ! ಮುಂದಿನ ನಾಲ್ಕು ಹಲ್ಲು ತಲಾ 6 ಶಿಲಿಂಗ್. ಅದರ ಪಕ್ಕದ್ದು 4. ಅದರ ಪಕ್ಕದ್ದು 3. ಉಳಿದವು ತಲಾ 1. ಅಮ್ಮನ ವಿಸ್ಡಮ್ ಟೂತ್ ಕೊನೇ ಸಾಲಿನದ್ದು, 1 ಶಿಲಿಂಗ್. ಕಾಣೋ ಹಲ್ಲಿಗೆ ಬೆಲೆ, ಅಗಿಯೋ ಹಲ್ಲಿಗೆ ಇಲ್ಲ.

ಇನ್ನು ನಮ್ಮ ಕಡೆ. ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ಕಳೆದೇ ಹೋಗಿತ್ತು. 1905ರಲ್ಲಿ ಅದರ ಓಲೆಗರಿ ಪ್ರತಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಆರ್. ಶಾಮಶಾಸ್ತ್ರಿಗಳ ಕೈಗೆ. 1909ರಲ್ಲಿ ಅವರು ಅದನ್ನ ಅಚ್ಚು ಹಾಕಿಸಿದರು. ಆ ಪುಸ್ತಕದಲ್ಲಿ ಹೊಡೆದಾಟದ ಅಧ್ಯಾಯ ಒಂದಿದೆ, ದಂಡಪಾರುಷ್ಯ ಅಂತ. ಹಲ್ಲು ಮುರಿದರೆ ಪೂರ್ವ ಸಾಹಸ ದಂಡ, ಅಂದ್ರೆ 48ರಿಂದ 96 ಪಣ. ವೈದ್ಯರ ಬಗ್ಗೆ ಬೇರೆ ಕಡೆ ಹೇಳ್ತಾನೆ. ಪ್ರಾಣಾಪಾಯ ಇರೋ ರೋಗವನ್ನ ಮುಂಚೆ ತಿಳಿಸದೆ ಚಿಕಿತ್ಸೆ ಮಾಡಿ ರೋಗಿ ಸತ್ತರೆ ಒಂದು ದಂಡ. ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಅದಕ್ಕಿಂತ ದೊಡ್ಡ ದಂಡ. ಸಾಯದೆ ಅಂಗಕ್ಕೆ ಹಾನಿಯಾದ್ರೆ ಅದನ್ನ ಹೊಡೆತ ಅಂತಲೇ ಎಣಿಸಬೇಕು. ಮುಂಚೆ ತಿಳಿಸಬೇಕು ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಆದ್ರೆ ಆ ಪಣ ಎಲ್ಲಿಗೆ ಹೋಗ್ತಿತ್ತು? ದಂಡ ಅಂದ್ರೆ ರಾಜನ ಬೊಕ್ಕಸಕ್ಕೆ. ತೊಡೆ, ಕತ್ತು ಮುರಿದಂಥ ದೊಡ್ಡ ಗಾಯಕ್ಕೆ ಮಾತ್ರ ಗುಣಪಡಿಸೋ ಖರ್ಚನ್ನೂ ಕೊಡಬೇಕು ಅಂತ ಸೇರಿಸ್ತಾನೆ. ಹಲ್ಲಿನ ಸಾಲಲ್ಲಿ ಆ ಮಾತಿಲ್ಲ. ತಪ್ಪು ಮಾಡಿದವನಿಗೆ ಶಿಕ್ಷೆ ಆಗೋದು ಬೇರೆ, ನೋವು ತಿಂದವನ ಕೈಗೆ ಏನಾದ್ರೂ ಬರೋದು ಬೇರೆ. ಇವೆರಡರ ನಡುವಿನ ದೂರ ನಮ್ಮ ದೇಶದಲ್ಲಿ ತೀರಾ ಇತ್ತೀಚಿನವರೆಗೂ ಹಾಗೇ ಇತ್ತು.

ಈಗ ಒಂದೇ ಸಲ 1948ಕ್ಕೆ ಬರೋಣ. ಅಲ್ಲಿವರೆಗೆ ಇಡೀ ದೇಶಕ್ಕೆ ಅನ್ವಯಿಸೋ ದಂತವೈದ್ಯರ ಕಾನೂನೇ ಇರಲಿಲ್ಲ. ಕಲ್ಕತ್ತಾದಲ್ಲಿ ಡಾ. ರಫೀಯುದ್ದೀನ್ ಅಹ್ಮದ್ 1920ರಲ್ಲಿ ದೇಶದ ಮೊದಲ ಡೆಂಟಲ್ ಕಾಲೇಜು ಶುರು ಮಾಡಿದ್ರು. ಬಂಗಾಳಕ್ಕೆ 1939ರಲ್ಲಿ ಒಂದು ಕಾನೂನು ಬಂತು. ಸ್ವಾತಂತ್ರ್ಯ ಬಂದ ಮರುವರ್ಷ ಡೆಂಟಿಸ್ಟ್ಸ್ ಆಕ್ಟ್, ಅದರ ಮರುವರ್ಷ ಡೆಂಟಲ್ ಕೌನ್ಸಿಲ್ ಆಫ್ ಇಂಡಿಯಾ. ಬಸ್ ಸ್ಟ್ಯಾಂಡ್ ಪಕ್ಕ ಹಲ್ಲಿನ ಸೆಟ್ಟುಗಳನ್ನ ಹರಡಿಕೊಂಡು ಕೂರೋರಿಗೂ ಓದಿ ಬಂದ ದಂತವೈದ್ಯರಿಗೂ ಕಾನೂನು ಗೆರೆ ಎಳೆದದ್ದು ಆವಾಗ.

ವೈದ್ಯರು ತಪ್ಪು ಮಾಡಿದ್ರೆ ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ರಿಜಿಸ್ಟರಿನಿಂದ ಹೆಸರು ತೆಗೀಬಹುದು. ಆದ್ರೆ ರೋಗಿಗೆ ಒಂದು ರೂಪಾಯಿ ಕೊಡಿಸೋ ಅಧಿಕಾರ ಅದಕ್ಕಿಲ್ಲ. ಕೌಟಿಲ್ಯನ ಲೆಕ್ಕವೇ ಮುಂದುವರಿಯಿತು ಅನ್ನಿ. 2023ರಲ್ಲಿ ಸಂಸತ್ತು ನ್ಯಾಷನಲ್ ಡೆಂಟಲ್ ಕಮಿಷನ್ ಕಾಯ್ದೆ ಪಾಸು ಮಾಡಿತು, ಹಳೇ 1948ರ ಕಾಯ್ದೆಯ ಜಾಗಕ್ಕೆ. ಅದೂ ವೃತ್ತಿಯನ್ನ, ಕಾಲೇಜುಗಳನ್ನ ನೋಡ್ಕೊಳ್ಳೋ ಕಾನೂನು. ದುಡ್ಡು ಬೇಕಂದ್ರೆ ಬೇರೆ ಬಾಗಿಲು ತಟ್ಟಬೇಕು.

ಆ ಬೇರೆ ಬಾಗಿಲು ಆಗ ಸಿವಿಲ್ ಕೋರ್ಟ್ ಒಂದೇ. ಅದು ಹೇಗಿತ್ತು ಅಂತ ಒಂದು ಕೇಸ್ ಹೇಳ್ತೀನಿ. ಹಲ್ಲಿನದ್ದಲ್ಲ, ಕಾಲಿನದ್ದು. 1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಕಡಲತೀರದಲ್ಲಿ ಒಬ್ಬ ಹುಡುಗ ಬಿದ್ದು ತೊಡೆಮೂಳೆ ಮುರ್ಕೊಂಡ. ಪುಣೆಯ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಸರಿಯಾಗಿ ಮತ್ತು ಬರಿಸದೆ ಜೋರಾಗಿ ಎಳೆದು ಪ್ಲಾಸ್ಟರ್ ಹಾಕಿದ್ರು ಅನ್ನೋದು ಆರೋಪ. ಅದೇ ದಿನ ಹುಡುಗ ತೀರಿಹೋದ. ಅವನ ಅಪ್ಪ ಸ್ವತಃ ಡಾಕ್ಟರ್. ಏನಾಗಿದೆ ಅಂತ ಅರ್ಥ ಮಾಡ್ಕೊಳ್ಳೋ ಓದು, ಕೇಸ್ ನಡೆಸೋ ಶಕ್ತಿ ಎರಡೂ ಅವರಿಗಿತ್ತು. ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 1968ರಲ್ಲಿ. ಹದಿನೈದು ವರ್ಷ. ಪರಿಹಾರ 3,000 ರೂಪಾಯಿ. ಡಾಕ್ಟರ್ ಅಪ್ಪನಿಗೇ ಇಷ್ಟಾದ್ರೆ, ಒಂದು ಹಲ್ಲಿಗೋಸ್ಕರ ಯಾರು ಕೋರ್ಟ್ ಮೆಟ್ಟಿಲು ಹತ್ತುತ್ತಿದ್ರು? ವಕೀಲರ ಫೀಸು, ಕೋರ್ಟ್ ಫೀಸು, ಬಸ್ ಚಾರ್ಜು ಸೇರಿದ್ರೆ ಹಲ್ಲಿನ ಬೆಲೆ ಅಲ್ಲೇ ಕರಗಿಹೋಗ್ತಿತ್ತು.

1986ರ ಡಿಸೆಂಬರ್ 24. ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗಲೂ ಆ ದಿನವನ್ನೇ ಗ್ರಾಹಕರ ದಿನ ಅಂತ ಆಚರಿಸೋದು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆ ನಾವೇ ವಾದ ಮಾಡಬಹುದು. ಕೆಟ್ಟ ಫ್ಯಾನು, ತಡವಾದ ಇನ್ಶೂರೆನ್ಸ್, ಕೈಕೊಟ್ಟ ಬಿಲ್ಡರ್, ಎಲ್ಲದಕ್ಕೂ ದಾರಿ ಆಯ್ತು. ಡಾಕ್ಟರ್? ಕಾಯ್ದೆಯಲ್ಲಿ 'ಸೇವೆ' ಅನ್ನೋದಕ್ಕೆ ಬ್ಯಾಂಕು, ವಿಮೆ, ಸಾರಿಗೆ, ವಿದ್ಯುತ್ತು ಅಂತ ಪಟ್ಟಿ ಇತ್ತು. ವೈದ್ಯಕೀಯ ಅನ್ನೋ ಪದ ಇರಲಿಲ್ಲ, ಹೊರಗಿಡಬೇಕು ಅಂತಾನೂ ಇರಲಿಲ್ಲ. ಆ ಖಾಲಿ ಜಾಗದಲ್ಲೇ ಒಂಬತ್ತು ವರ್ಷ ಜಗಳ ನಡೆಯಿತು. ರಾಷ್ಟ್ರೀಯ ಗ್ರಾಹಕ ಆಯೋಗ 1992ರಲ್ಲಿ ರೋಗಿಯೂ ಗ್ರಾಹಕನೇ ಅಂತು. ಮದ್ರಾಸ್ ಹೈಕೋರ್ಟ್ 1994ರಲ್ಲಿ ಅಲ್ಲ ಅಂತು. ಕೊನೆಗೆ 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ ವರ್ಸಸ್ ವಿ.ಪಿ. ಶಾಂತಾ ಕೇಸಲ್ಲಿ ಜಗಳ ಮುಗಿಸಿತು.

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಕಾಮರ್ಸ್ ಓದಿದವರಿಗೆ ಒಂದು ಹಳೇ ಗೆಳೆಯ ಸಿಗ್ತಾನೆ. ಕನ್ಸಿಡರೇಶನ್. ಕನ್ನಡದಲ್ಲಿ ಪ್ರತಿಫಲ. ಮೊದಲ ವರ್ಷ ಬಿಸಿನೆಸ್ ಲಾ ಕ್ಲಾಸಲ್ಲಿ 1872ರ ಕಾಂಟ್ರಾಕ್ಟ್ ಆಕ್ಟ್ ಓದುವಾಗ ನಾನು ಹಿಂದಿನ ಬೆಂಚಲ್ಲಿ ನಿದ್ದೆ ಮಾಡಿದ್ದ ಪದ ಇದು. ಶಾಂತಾ ತೀರ್ಪು ನಿಂತಿರೋದೇ ಇದರ ಮೇಲೆ. ದುಡ್ಡು ಕೊಟ್ಟು, ಅಥವಾ ಕೊಡ್ತೀನಿ ಅಂತ ಒಪ್ಪಿ ಚಿಕಿತ್ಸೆ ತಗೊಂಡ್ರೆ ನೀವು ಗ್ರಾಹಕರು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡೋ ಆಸ್ಪತ್ರೆಯ ರೋಗಿ ಗ್ರಾಹಕ ಅಲ್ಲ. ಚೀಟಿ ಮಾಡಿಸೋಕೆ ಕೊಡೋ ಸಣ್ಣ ರಿಜಿಸ್ಟ್ರೇಶನ್ ಫೀಸು ಲೆಕ್ಕಕ್ಕಿಲ್ಲ. ಆದ್ರೆ ಕೆಲವರ ಹತ್ರ ದುಡ್ಡು ತಗೊಂಡು ಬಡವರಿಗೆ ಉಚಿತವಾಗಿ ಮಾಡೋ ಆಸ್ಪತ್ರೆಯಲ್ಲಿ ಆ ಬಡ ರೋಗಿಯೂ ಗ್ರಾಹಕನೇ. ದುಡ್ಡು ಕೊಟ್ಟವರ ಸಾಲಲ್ಲಿ ಅವನನ್ನೂ ಕೂರಿಸಿತು ಕೋರ್ಟು. ಹಮ್ಮುರಾಬಿಯ ರೇಟ್ ಕಾರ್ಡ್ ನೆನೆಸ್ಕೊಂಡು ಈ ಸಾಲನ್ನ ಎರಡು ಸಲ ಓದಿದೆ.

ಇಷ್ಟಾದ್ರೂ ಗೆದ್ದಂತಲ್ಲ. ಚಿಕಿತ್ಸೆ ಕೈಕೊಟ್ಟಿದ್ದೆಲ್ಲ ನಿರ್ಲಕ್ಷ್ಯ ಆಗಲ್ಲ. ಇದನ್ನ ನಾನು ದಂತವೈದ್ಯರ ಪರವಾಗಿ ಹೇಳ್ತಿಲ್ಲ, ಕಾನೂನೇ ಹಾಗಿದೆ. 1957ರಲ್ಲಿ ಇಂಗ್ಲೆಂಡಿನ ಬೋಲಂ ಕೇಸಲ್ಲಿ ಹುಟ್ಟಿದ ಅಳತೆಗೋಲು ಇದು. ಅದೇ ವಿದ್ಯೆಯ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಅಂತ ಒಪ್ಪೋ ರೀತಿಯಲ್ಲಿ ಮಾಡಿದ್ರೆ ಅದು ನಿರ್ಲಕ್ಷ್ಯ ಅಲ್ಲ. 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿ ಮಾಡಿತು. ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ಹಾಕಬೇಕಂದ್ರೆ ತಪ್ಪು ತೀರಾ ಘೋರವಾಗಿರಬೇಕು ಅಂತಾನೂ ಹೇಳಿತು. ಹಾಗಾಗಿ ಸಿಟ್ಟು ಬಂದ ತಕ್ಷಣ ಪೊಲೀಸ್ ಸ್ಟೇಷನ್ನಿಗೆ ಓಡೋದು ದಾರಿ ಅಲ್ಲ.

ಅಮ್ಮನ ವಿಷಯಕ್ಕೆ ಬಂದ್ರೆ, ಕೆಳದವಡೆಯ ಮೂಳೆಯೊಳಗೆ ಒಂದು ನರ ಹರಿಯುತ್ತೆ, ವಿಸ್ಡಮ್ ಟೂತ್ ಬೇರಿನ ಹತ್ತಿರವೇ. ತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡೋದು ಅದೇ. ಎಷ್ಟು ಜಾಗ್ರತೆ ಮಾಡಿದ್ರೂ ಕೆಲವರಿಗೆ ಅದಕ್ಕೆ ಪೆಟ್ಟಾಗಬಹುದು. ನನ್ನ ಪಿಯುಸಿ ಗೆಳತಿ ಈಗ ದಂತವೈದ್ಯೆ. ಅವಳು ನೇರವಾಗಿ ಅಂದಳು, "ನೋಡೋ, ನರಕ್ಕೆ ಪೆಟ್ಟಾಯ್ತು ಅನ್ನೋದೊಂದೇ ಇಟ್ಕೊಂಡು ಹೋದ್ರೆ ಸೋಲ್ತೀಯ. ಮುಂಚೆ ಎಕ್ಸ್‌ರೇ ತೆಗೆದಿದ್ರಾ? ಬೇರು ನರಕ್ಕೆ ಎಷ್ಟು ಹತ್ರ ಇತ್ತು? ಹೀಗಾಗಬಹುದು ಅಂತ ಆಂಟಿಗೆ ಹೇಳಿದ್ರಾ?"

ಮೂರನೇ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇದೆ. ಹೇಳಿರಲಿಲ್ಲ. ಒಂದು ಇಂಗ್ಲಿಷ್ ಫಾರಂ ಕೊಟ್ಟು ಸೈನ್ ಹಾಕಿಸಿಕೊಂಡ್ರು. ಅಮ್ಮ ಕನ್ನಡದಲ್ಲಿ ಸೈನ್ ಹಾಕಿದಳು. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ ಇದೇ ವಿಷಯ ವಿವರವಾಗಿ ನೋಡಿದೆ. ಪರೀಕ್ಷೆಗೆ ಅಂತ ಒಪ್ಪಿಗೆ ಕೊಟ್ಟ ಮಹಿಳೆಯ ಗರ್ಭಕೋಶವನ್ನೇ ತೆಗೆದಿದ್ರು. ಒಪ್ಪಿಗೆ ಅಂದ್ರೆ ಬರೀ ಸಹಿ ಅಲ್ಲ, ಏನು ಮಾಡ್ತೀವಿ, ಏನಪಾಯ ಇದೆ, ಬೇರೆ ದಾರಿ ಇದೆಯಾ ಅಂತ ತಿಳಿಸಿದ ಮೇಲಿನ ಒಪ್ಪಿಗೆ ಅಂತು ಕೋರ್ಟು. ತೀರಾ ಅಪರೂಪದ ಅಪಾಯ ಹೇಳಬೇಕಾಗಿಲ್ಲ ಅನ್ನೋ ವಿನಾಯಿತಿ ಅದರಲ್ಲಿದೆ. ಆದ್ರೆ ಕೆಳ ವಿಸ್ಡಮ್ ಟೂತ್ ತೆಗೆಯುವಾಗ ಈ ನರದ ವಿಷಯ ಓದುವ ಪುಸ್ತಕದಲ್ಲೇ ಇರುತ್ತೆ ಅಂತಾಳೆ ಗೆಳತಿ. ಕೌಟಿಲ್ಯನ 'ಮುಂಚೆ ತಿಳಿಸಬೇಕು' ಸುತ್ತಿ ಬಳಸಿ ವಾಪಸ್ ಬಂತು ನೋಡಿ. ಅಂದಹಾಗೆ ಆ ಮಹಿಳೆಗೆ ಕೋರ್ಟ್ ಕೊಡಿಸಿದ ಪರಿಹಾರ 25,000 ರೂಪಾಯಿ, ಜೊತೆಗೆ ಡಾಕ್ಟರ್ ಫೀಸು ಕೊಡಬೇಕಿಲ್ಲ ಅಂತ.

ಎಲ್ಲ ಕೇಸಿಗೂ ತಜ್ಞರ ವರದಿ ಬೇಕಾ? 2009ರಲ್ಲಿ ಸುಪ್ರೀಂ ಕೋರ್ಟ್ ಹೌದು, ಮೊದಲು ತಜ್ಞರಿಗೇ ಕಳಿಸಿ ಅಂದಿತ್ತು. ಮರುವರ್ಷವೇ ಬೇರೆ ಪೀಠ ಎಲ್ಲದಕ್ಕೂ ಬೇಡ ಅಂತು. ಆ 2010ರ ಕೇಸ್ ವಿಚಿತ್ರವಾದದ್ದು. ಆಂಧ್ರದ ಮಲೇರಿಯಾ ಇಲಾಖೆಯಲ್ಲೇ ಕೆಲಸ ಮಾಡ್ತಿದ್ದ ಒಬ್ಬರ ಹೆಂಡತಿಗೆ ಮಲೇರಿಯಾ ಬಂದಿತ್ತು, ಆಸ್ಪತ್ರೆಯವರು ಟೈಫಾಯ್ಡಿಗೆ ಔಷಧಿ ಕೊಟ್ರು! ಕೆಲವು ತಪ್ಪು ತಾನೇ ಮಾತಾಡುತ್ತೆ ಅಂತು ಕೋರ್ಟು. ಹುಳುಕು ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲು ಕಿತ್ತರೆ ಅದು ಈ ಜಾತಿಯ ತಪ್ಪು. ಅದನ್ನ ತೋರಿಸೋಕೆ ಪ್ರೊಫೆಸರ್ ಬೇಕಾಗಿಲ್ಲ, ಚೀಟಿಯಲ್ಲಿ ಹಲ್ಲಿನ ನಂಬರ್ ಇದ್ರೆ ಸಾಕು. ಹಲ್ಲಿಗೂ ಪಿನ್ ಕೋಡ್ ಥರ ಎರಡಂಕಿ ನಂಬರ್ ಇದೆ, ಗೊತ್ತಾ? ಕೆಳಗಿನ ಎಡ ವಿಸ್ಡಮ್ ಟೂತ್ 38, ಬಲದ್ದು 48. ನಿಮ್ಮ ಪ್ರಿಸ್ಕ್ರಿಪ್ಶನ್ ತೆಗೆದು ನೋಡಿ.

ಅಮ್ಮನದು ತಾನೇ ಮಾತಾಡೋ ತಪ್ಪಲ್ಲ. ಕಾಗದ ಮಾತಾಡಬೇಕು. ಕಾಗದ ಎಲ್ಲಿದೆ? ಎಕ್ಸ್‌ರೇ ಕ್ಲಿನಿಕ್ಕಲ್ಲಿ. ಸೈನ್ ಹಾಕಿದ ಫಾರಂ ಕ್ಲಿನಿಕ್ಕಲ್ಲಿ. ಕಿತ್ತ ಹಲ್ಲು ಅವತ್ತೇ ಕಸಕ್ಕೆ ಹೋಯ್ತು. ನಮ್ಮ ಹತ್ರ ಇರೋದು ನನ್ನ ಫೋನಿನ ಒಂದು ಗೂಗಲ್ ಪೇ ಸ್ಕ್ರೀನ್‌ಶಾಟ್, 6,000 ರೂಪಾಯಿ. ದುಡ್ಡು ಹೋಗಿದೆ ಅಂತ ಅದು ಹೇಳುತ್ತೆ, ಯಾವ ಹಲ್ಲಿಗೆ ಅಂತ ಹೇಳಲ್ಲ. ಬಿಲ್ ಕೇಳಿದಾಗ ರಿಸೆಪ್ಶನ್ನಿನ ಹುಡುಗಿ, "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಸಾರ್" ಅಂದಿದ್ದಳು. ನಾನು, ಬಿ.ಕಾಂ. ಪದವೀಧರ, ಹೂಂ ಅಂದು ಬಂದೆ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ ಸ್ವಾಮಿ! ಚಂದ ಕಾಣೋಕೆ ಮಾಡಿಸೋ ಕಾಸ್ಮೆಟಿಕ್ ಕೆಲಸಕ್ಕೆ ಮಾತ್ರ ಆ ವಿನಾಯಿತಿ ಇಲ್ಲ. ಈ ಸಂಚಿಕೆಯಲ್ಲಿ ಯಾರ ಮೇಲಾದ್ರೂ ನನಗೆ ನಿಜವಾಗ್ಲೂ ಸಿಟ್ಟಿದ್ರೆ ಅದು ಆ ದಿನದ ನನ್ನ ಮೇಲೆ.

ಶಾಂತಾ ತೀರ್ಪು ಅಲುಗಾಡಿದ ಕಥೆ ಒಂದಿದೆ, ಬೇಗ ಹೇಳಿಬಿಡ್ತೀನಿ. ಹೊಸ ಗ್ರಾಹಕ ಕಾಯ್ದೆ ತರುವಾಗ 2018ರ ಮಸೂದೆಯ ಸೇವೆಗಳ ಪಟ್ಟಿಯಲ್ಲಿ ಹೆಲ್ತ್‌ಕೇರ್ ಅಂತ ಸೇರಿಸಿದ್ರು. 2019ರಲ್ಲಿ ಕಾಯ್ದೆ ಆಗುವಾಗ ಆ ಪದ ತೆಗೆದ್ರು. ಪದ ಹೋಯ್ತು ಅಂದ್ಮೇಲೆ ನಾವು ಹೊರಗೆ ಅಂತ ವೈದ್ಯರ ಒಂದು ಸಂಘಟನೆ ಬಾಂಬೆ ಹೈಕೋರ್ಟಿಗೆ ಹೋಯ್ತು. 2021ರಲ್ಲಿ ಅಲ್ಲಿ ಸೋತಿತು, 2022ರಲ್ಲಿ ಸುಪ್ರೀಂ ಕೋರ್ಟಲ್ಲೂ ಸೋತಿತು. ಪಟ್ಟಿಯಲ್ಲಿರೋದು ಉದಾಹರಣೆ ಅಷ್ಟೇ, ಪಟ್ಟಿಯೇ ಗಡಿ ಅಲ್ಲ. 2024ರ ಮೇ ತಿಂಗಳಲ್ಲಿ ಇನ್ನೊಂದು ತಿರುವು. ವಕೀಲರು ಈ ಕಾಯ್ದೆಯೊಳಗೆ ಬರಲ್ಲ ಅಂತ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಶಾಂತಾ ತೀರ್ಪನ್ನೂ ಮತ್ತೆ ನೋಡಬೇಕು ಅಂತು. ನವೆಂಬರಿನಲ್ಲಿ ಮೂವರ ಪೀಠ, ಆ ಮರುಪರಿಶೀಲನೆ ಈ ಕೇಸಿಗೆ ಬೇಕಿಲ್ಲ ಅಂತ ಮುಚ್ಚಿತು. ಹಾಗಾಗಿ ಈ ಹೊತ್ತಿಗೂ 1995ರ ಬಾಗಿಲು ತೆರೆದೇ ಇದೆ.

ಮೊತ್ತದ ಬಗ್ಗೆ ಎಲ್ಲರೂ ಕೇಳ್ತೀರ. 2013ರಲ್ಲಿ ಕೋಲ್ಕತ್ತಾದ ಒಂದು ಸಾವಿನ ಕೇಸಲ್ಲಿ ಸುಮಾರು 6 ಕೋಟಿ, ಮೇಲೆ ಬಡ್ಡಿ ಬಂದಿತ್ತು. ಅದನ್ನ ನೋಡಿ ಕನಸು ಕಾಣಬೇಡಿ. ಅಲ್ಲಿ ಒಂದು ಜೀವ, ಆ ಜೀವದ ದುಡಿಮೆ ಲೆಕ್ಕಕ್ಕೆ ಬಂತು. ಅಮ್ಮನಂಥ ಗೃಹಿಣಿಯ ಅರ್ಧ ತುಟಿಗೆ ಸಂಬಳದ ಸ್ಲಿಪ್ ಇಲ್ಲ. ಚಿಕಿತ್ಸೆಗೆ ಕೊಟ್ಟ ದುಡ್ಡು, ಆಮೇಲೆ ನರದ ಡಾಕ್ಟರಿಗೆ ಓಡಾಡಿದ ಖರ್ಚು, ಮಾನಸಿಕ ನೋವಿಗೆ ಅಂತ ಒಂದು ಅಂಕಿ, ಕೇಸಿನ ಖರ್ಚಿಗೆ ಒಂದಷ್ಟು. ನನ್ನ ಅಭಿಪ್ರಾಯ ಕೇಳಿದ್ರೆ, ಏಥೆಲ್ಬರ್ಟನ ರೇಟ್ ಕಾರ್ಡು ಹೋಗಿದೆಯೇ ಹೊರತು ಹಿಂದಿನ ಸಾಲಿನ ಹಲ್ಲಿಗೆ ಕಡಿಮೆ ಬೆಲೆ ಅನ್ನೋ ಮನಸ್ಸು ಹೋಗಿಲ್ಲ.

ಈಗ ನಾವು ಎಲ್ಲಿದ್ದೀವಿ ಅಂತ ಹೇಳಿ ಮುಗಿಸ್ತೀನಿ. ಕೊಟ್ಟ ದುಡ್ಡು 50 ಲಕ್ಷದೊಳಗಿದ್ರೆ ಜಿಲ್ಲಾ ಆಯೋಗ. ನೋಡೋದು ಕೇಳೋ ಪರಿಹಾರವನ್ನಲ್ಲ, ಚಿಕಿತ್ಸೆಗೆ ಕೊಟ್ಟ ದುಡ್ಡನ್ನ. ಅದು 5 ಲಕ್ಷದೊಳಗಿದ್ರೆ ಅರ್ಜಿಗೆ ಶುಲ್ಕವೇ ಇಲ್ಲ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕ್ಲಿನಿಕ್ ಎಲ್ಲೇ ಇರಲಿ. ಆನ್‌ಲೈನಲ್ಲೂ ಆಗುತ್ತೆ. ಮೊದಲು ಇ-ದಾಖಿಲ್ ಅಂತಿತ್ತು, 2025ರಿಂದ ಇ-ಜಾಗೃತಿ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತೆ, ಅಷ್ಟು ಬೇಗ ಆಗುತ್ತೆ ಅಂತ ಕಾಯೋದು ಬೇಡ. ಆದ್ರೆ ದೂರು ಕೊಡೋಕೆ ಎರಡೇ ವರ್ಷದ ಗಡುವು. ತಡವಾದ್ರೆ ಯಾಕೆ ತಡ ಅಂತ ಆಯೋಗಕ್ಕೆ ಒಪ್ಪಿಸಬೇಕು. ನಮಗೆ ಇನ್ನು ಏಳು ವಾರ ಇದೆ.

ನಿನ್ನೆ ರಾತ್ರಿ ಕ್ಲಿನಿಕ್ಕಿಗೆ ಒಂದು ಕಾಗದ ಬರೆದೆ. ಎಕ್ಸ್‌ರೇ, ಒಪ್ಪಿಗೆ ಫಾರಂ, ಕೇಸ್ ಶೀಟ್ ಮೂರರ ಪ್ರತಿ ಕೊಡಿ, 6,000 ರೂಪಾಯಿಗೆ ಬಿಲ್ ಕೊಡಿ ಅಂತ. ನಾಳೆ ಸ್ಪೀಡ್ ಪೋಸ್ಟ್ ಮಾಡ್ತೀನಿ, ರಸೀದಿ ಅದೇ ಡ್ರಾಯರಿಗೆ ಹೋಗುತ್ತೆ. ಅಮ್ಮ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ತಿದ್ದಳು. "ಆ ಡಾಕ್ಟ್ರು ಕೆಟ್ಟೋರಲ್ಲ ಕಣೋ" ಅಂದಳು. ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಕನ್ನಡಕ ಹಾಕ್ಕೊಂಡು ಕಾಗದ ಇಸ್ಕೊಂಡು ಓದಿದಳು. "ಹಲ್ಲು ಅಂತಷ್ಟೇ ಬರ್ದಿದೀಯಲ್ಲೋ. ಎಡಗಡೆ, ಕೆಳಗಿಂದು, ಕಡೇದು ಅಂತ ಬರಿ. ಆ ನಂಬರ್ರೂ ಹಾಕು."

38 ಅಂತ ಸೇರಿಸಿದೆ.